ಡೆತ್ ಮೆಟಲ್ ಕಛೇರಿಗೆ ಎರಡನೇ ಟಿಕೆಟ್

ಡೆತ್ ಮೆಟಲ್ ಸಂಗೀತ ಕೇಳುವವರ ಬದುಕಿನಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ. ಒಬ್ಬನೇ ಕೂತು ಕೇಳುವವನಿಗೆ ಸ್ವಲ್ಪ ಹೆಚ್ಚು, ಯಾಕೆಂದರೆ ತಡೆಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ.

ನಾನು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕಾರಿನ ಬ್ರೇಕುಗಳ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ತುಮಕೂರಿನಲ್ಲಿ ಓದುವಾಗಿನಿಂದ ಫ್ಲೋರಿಡಾದ ಒಂದು ಬ್ಯಾಂಡಿನ ಭಕ್ತ. ನಾಲ್ಕು ಜನ, ಒಂಬತ್ತು ಆಲ್ಬಂ, ಎಲ್ಲದರಲ್ಲೂ ಸಾವು. ಗಾಯಕ ಹಾಡುವುದಿಲ್ಲ, ಹೊಟ್ಟೆಯಾಳದಿಂದ ಗುರುಗುಟ್ಟುತ್ತಾನೆ. ಈ ವರ್ಷ ಅವರು ವಿದಾಯದ ಪ್ರವಾಸದಲ್ಲಿ ಇಲ್ಲಿಗೆ ಬರುತ್ತಾರೆಂದು ತಿಳಿದ ಕೂಡಲೇ ಎರಡು ಟಿಕೆಟ್ ಕೊಂಡೆ. ಇನ್ನೊಂದು ಯಾರಿಗೆ ಎಂದು ಯೋಚಿಸಲಿಲ್ಲ. ಯೋಚಿಸಲು ಆಮೇಲೆ ಮೂರು ತಿಂಗಳು ಸಿಕ್ಕಿತು. ಇಪ್ಪತ್ತು ವರ್ಷ ಒಬ್ಬನೇ ಕೇಳಿದ್ದೇನೆ; ಕೊನೆಯ ಸಲವಾದರೂ ಪಕ್ಕದಲ್ಲಿ ಒಬ್ಬರು ನಿಂತಿರಲಿ ಎಂಬುದಷ್ಟೇ ಆಸೆ.

ಮೊದಲ ಆಲ್ಬಂ

ಅದು ಮೂವತ್ತೊಂದು ನಿಮಿಷದ್ದು, ಪೂರ್ತಿ ಹೆಣಗಳು. ಒಂದು ಶನಿವಾರ ಮಧ್ಯಾಹ್ನ ಹಾಕಿಕೊಂಡು ಕೂತಿದ್ದೆ. ಸದ್ದು ಸ್ವಲ್ಪ ಜಾಸ್ತಿಯೇ ಇತ್ತು. ಕಾಲಿಂಗ್ ಬೆಲ್ ಆಯಿತು. ಕೆಳಮನೆಯ ಜರ್ಮನ್ ಅಜ್ಜಿ. ಕ್ಷಮಾಪಣೆಯನ್ನು ಬಾಯಲ್ಲಿಟ್ಟುಕೊಂಡೇ ಬಾಗಿಲು ತೆರೆದೆ.

"ಸೋಮವಾರದಿಂದ ನಿಮ್ಮ ಬಾಗಿಲಿಗೆ ಕೇರ್‌ವೋಖೆ ಬೋರ್ಡು ತೂಗುತ್ತಿದೆ," ಎಂದರು. ಇದು ಇಲ್ಲಿಯ ಪದ್ಧತಿ: ಬೋರ್ಡು ಯಾರ ಬಾಗಿಲಿಗೆ ಬರುತ್ತದೋ ಆ ವಾರ ಮೆಟ್ಟಿಲು ಗುಡಿಸುವ ಸರದಿ ಅವರದು. "ಇವತ್ತು ಶನಿವಾರ. ಮೆಟ್ಟಿಲು ಹಾಗೇ ಇದೆ."

"ಮತ್ತೆ... ಈ ಸದ್ದು?"

"ಈಗ ಗಂಟೆ ನಾಲ್ಕು. ಸದ್ದು ನಿಯಮದೊಳಗಿದೆ. ಧೂಳು ನಿಯಮದೊಳಗಿಲ್ಲ."

ಪೊರಕೆ ಹಿಡಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಹಾಡಿನಲ್ಲಿ ಒಬ್ಬ ಸಮಾಧಿಯಿಂದ ಎದ್ದು ಬರುತ್ತಿದ್ದ. ಹೊರಗೆ ಇವರು ನಿಂತು ನನಗೆ ಮೂಲೆಗಳನ್ನು ತೋರಿಸುತ್ತಿದ್ದರು. ಹೆಚ್ಚುಕಡಿಮೆ ಇಡೀ ಆಲ್ಬಮ್ಮನ್ನು ಒಬ್ಬರು ನನ್ನ ಜೊತೆ ನಿಂತು ಕೇಳಿದರು ಎಂಬುದು ಕೊನೆಯ ಮೆಟ್ಟಿಲಲ್ಲಿ ಹೊಳೆಯಿತು. ಧೈರ್ಯ ಮಾಡಿ, ಕಛೇರಿಗೆ ಬರುತ್ತೀರಾ ಎಂದು ಕೇಳಿಯೇಬಿಟ್ಟೆ.

"ಕುರ್ಚಿ ಇರುತ್ತದೆಯೇ?"

"ಇಲ್ಲ, ನಿಲ್ಲಬೇಕು. ಜನ ಒಬ್ಬರನ್ನೊಬ್ಬರು ತಳ್ಳಾಡುತ್ತಾರೆ, ಬಿಯರ್ ಎರಚುತ್ತಾರೆ."

ಅಜ್ಜಿ ಗಂಭೀರವಾಗಿ ಯೋಚಿಸಿದರು. "ಆಮೇಲೆ ಗುಡಿಸುವವರು ಯಾರು?"

ಅಂಗಿಯ ಮೇಲಿನ ಬೇರು

ಎಸ್-ಬಾನ್ ರೈಲಿನಲ್ಲಿ ಎದುರಿಗೆ ಕೂತ ಯುವಕ ಫೋನಿನಲ್ಲಿ, "ಮಗಾ, ಇಲ್ಲಿ ಮನೆ ಸಿಗೋದೇ ಕಷ್ಟ ಕಣೋ," ಎನ್ನುತ್ತಿದ್ದ. ಕನ್ನಡ! ಅದಕ್ಕಿಂತ ಹೆಚ್ಚಾಗಿ, ಅವನ ಟೀ ಶರ್ಟಿನ ಮೇಲೆ ನನ್ನ ಬ್ಯಾಂಡಿನ ಹೆಸರು. ಈ ಬ್ಯಾಂಡುಗಳು ಹೆಸರನ್ನು ಯಾರಿಗೂ ಓದಲಾಗದ ಹಾಗೆ ಬರೆಯುವುದು ಸಂಪ್ರದಾಯ. ನಾನು ಮಾತ್ರ ಮೈಲಿ ದೂರದಿಂದ ಗುರುತಿಸುತ್ತೇನೆ.

ವರ್ಷಗಳಿಂದ ಕೂಡಿಟ್ಟಿದ್ದ ಮಾತೆಲ್ಲ ಹೊರಬಂತು. ಮೂರನೇ ಆಲ್ಬಮ್ಮಿನಲ್ಲಿ ಡ್ರಮ್ಮರ್ ಬದಲಾದದ್ದು, ಏಳನೆಯದರಲ್ಲಿ ನಿಧಾನದ ಹಾಡು ಸೇರಿಸಿ ಕೆಟ್ಟದ್ದು, ಎಂಟನೆಯದರಲ್ಲಿ ಬುದ್ಧಿ ಬಂದದ್ದು. ಅವನು ಮೂರು ಸ್ಟೇಷನ್ ವಿನಯದಿಂದ ಕೇಳಿದ.

"ಗುರು, ಇದು ಬ್ಯಾಂಡಾ?"

"ಮತ್ತೇನು ಅಂದ್ಕೊಂಡಿದ್ರಿ?"

"ಮರದ ಬೇರು. ನಮ್ ಹುಡುಗಿ ಕೊಡಿಸಿದ್ಲು. ಅವಳಿಗೆ ಗಿಡ ಅಂದ್ರೆ ಪ್ರಾಣ."

ಇಳಿದು ಹೋದ. ಬೆನ್ನ ಮೇಲೆ ಒಂಬತ್ತು ತಲೆಬುರುಡೆಗಳಿದ್ದವು. ಆಲೂಗಡ್ಡೆ ಎಂದುಕೊಂಡಿರಬೇಕು.

ಅಕ್ಕನ ತೀರ್ಪು

ಭಾನುವಾರ ತುಮಕೂರಿನಿಂದ ಅಕ್ಕನ ವಿಡಿಯೋ ಕಾಲ್. ಹಿಂದೆ ಆರನೇ ಆಲ್ಬಂ ಓಡುತ್ತಿತ್ತು.

"ಯಾರಿಗೋ ಹುಷಾರಿಲ್ಲ ಅಲ್ಲಿ?"

ಹಾಡು ಎಂದೆ. ನಂಬಲಿಲ್ಲ. ನಂಬಿಸಲೆಂದು ಇತಿಹಾಸ ಹೇಳಿದೆ: ನಾಲ್ಕನೇ ಆಲ್ಬಂ ಆದ ಮೇಲೆ ಗಾಯಕ ಗಿಟಾರಿನವನ ಜೊತೆ ಜಗಳವಾಡಿ ಹೊರಟುಹೋದ. ಐದನೆಯದಕ್ಕೆ ಹೊಸಬನನ್ನು ತಂದರು. ಆರನೆಯದಕ್ಕೆ ಹಳಬ ವಾಪಸ್ ಬಂದ, ಹೊಸಬನನ್ನು ಮನೆಗೆ ಕಳಿಸಿದರು.

ಅಕ್ಕನ ಮುಖ ಬಿಗಿಯಿತು. "ಆ ಹುಡುಗ ಚೆನ್ನಾಗಿ ಹಾಡಲಿಲ್ವಾ?"

"ಚೆನ್ನಾಗೇ ಹಾಡಿದ್ದ."

"ಮತ್ತೆ? ಇವನು ಮುನಿಸ್ಕೊಂಡು ಹೋದಾಗ ಕಷ್ಟಕ್ಕೆ ಅವನು ಬೇಕು, ಇವನು ಬಂದ ತಕ್ಷಣ ಅವನು ಬೇಡ್ವಾ? ಯಾವ ನ್ಯಾಯಾನೋ ಇದು?"

ಅಕ್ಕ ಇವತ್ತಿನವರೆಗೆ ಒಂದು ಹಾಡೂ ಪೂರ್ತಿ ಕೇಳಿಲ್ಲ. ಆದರೆ ಪ್ರತಿ ಭಾನುವಾರ, "ಆ ಹುಡುಗನ ಸುದ್ದಿ ಏನಾದ್ರೂ ಬಂತಾ?" ಎಂದು ಕೇಳತೊಡಗಿದಳು. ಹುಡುಕಿ ನೋಡಿದೆ. ಫ್ಲೋರಿಡಾದಲ್ಲಿ ಈಜುಕೊಳ ಶುಚಿ ಮಾಡುವ ಕೆಲಸ ಮಾಡಿಕೊಂಡಿದ್ದಾನೆ, ಹೆಂಡತಿ, ಇಬ್ಬರು ಮಕ್ಕಳು.

"ಸದ್ಯ," ಎಂದಳು ಅಕ್ಕ. ಆಮೇಲೆ ನನ್ನನ್ನೇ ನೋಡಿ, "ಅವನಿಗಾದ್ರೂ ಮದುವೆ ಆಗಿದೆ."

ರಟ್ಟಿನ ಬೋರ್ಡು

ಕಛೇರಿಯ ದಿನವೂ ಎರಡನೇ ಟಿಕೆಟ್ ಜೇಬಿನಲ್ಲೇ ಇತ್ತು. ಇಲ್ಲಿ ಟಿಕೆಟ್ ಸಿಗದವರು ಸಭಾಂಗಣದ ಹೊರಗೆ 'ಟಿಕೆಟ್ ಬೇಕು' ಎಂದು ರಟ್ಟಿನ ಮೇಲೆ ಬರೆದು ಹಿಡಿದು ನಿಲ್ಲುತ್ತಾರೆ. ನಾನೂ ಒಂದು ರಟ್ಟು ಹಿಡಿದು ನಿಂತೆ: 'ಒಂದು ಟಿಕೆಟ್ ಉಚಿತ. ಷರತ್ತು: ನನ್ನ ಪಕ್ಕದಲ್ಲೇ ನಿಲ್ಲಬೇಕು.' ಮನೆಯಲ್ಲಿ ಬರೆಯುವಾಗ ಇದು ಸ್ನೇಹದ ಮಾತಿನಂತೆ ಕಂಡಿತ್ತು. ಮಣಿಕಟ್ಟಿಗೆ ಮೊಳೆ ಬಡಿದ ಪಟ್ಟಿ ಕಟ್ಟಿಕೊಂಡ ದೈತ್ಯರು ಅದನ್ನು ಓದಿ, ಹೆದರಿ, ರಸ್ತೆಯ ಆಚೆ ಬದಿಗೆ ದಾಟಿದರು.

ಕೊನೆಗೆ ಬಿಳಿ ಗಡ್ಡದ, ತೋಳಿಲ್ಲದ ಜೀನ್ಸ್ ಕೋಟಿನ ಜರ್ಮನ್ ಒಬ್ಬರು ಎದುರು ನಿಂತು ಎರಡು ಸಲ ಓದಿದರು.

"ಟಿಕೆಟ್ಟಿನಲ್ಲಿ ಏನು ದೋಷ?"

"ಏನೂ ಇಲ್ಲ."

"ಮಾತಾಡಬೇಕು ಎಂದು ಷರತ್ತಿನಲ್ಲಿ ಇಲ್ಲ."

"ಇಲ್ಲ."

"ನಿಲ್ಲುವುದು ಮಾತ್ರ."

"ನಿಲ್ಲುವುದು ಮಾತ್ರ."

ಒಪ್ಪಿದರು, ಅಕ್ಷರಶಃ ಪಾಲಿಸಿದರು. ನೂಕುನುಗ್ಗಲು ನನ್ನನ್ನು ಎರಡು ಅಡಿ ಸರಿಸಿದರೆ ಅವರೂ ಎರಡು ಅಡಿ ಸರಿದರು. ಬಿಯರ್ ತರಲು ಹೋದವರು ಅದೇ ಜಾಗಕ್ಕೆ ವಾಪಸ್ ಬಂದರು. ಹಾಡುಗಳ ನಡುವೆ ನಾನು ಬಾಯಿ ತೆರೆದಾಗಲೆಲ್ಲ ಅವರು ತಮ್ಮ ಕಿವಿಯ ಇಯರ್‌ಪ್ಲಗ್ ತೋರಿಸಿದರು. ಇನ್ನು ನಾವು ಬರುವುದಿಲ್ಲ ಎಂದು ಗಾಯಕ ಮೊದಲ ಸಲ ಮನುಷ್ಯರ ದನಿಯಲ್ಲಿ ಹೇಳಿದಾಗ ನನ್ನ ಕಣ್ಣು ತುಂಬಿತು. ಪಕ್ಕಕ್ಕೆ ತಿರುಗಿದೆ. ಅವರು ವೇದಿಕೆಯನ್ನೇ ನೋಡುತ್ತಿದ್ದರು.

ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು ಕುಲುಕಿದರು.

"ಮೂವತ್ತು ವರ್ಷದಿಂದ ಒಬ್ಬನೇ ಬರುತ್ತಿದ್ದೇನೆ. ಜೊತೆಗೆ ಯಾರಾದರೂ ಇದ್ದರೆ ಸಂಗೀತ ಕೆಡುತ್ತದೆ ಎಂಬ ಭಯ. ಇವತ್ತು ನಿಮ್ಮ ಜೊತೆ ಇದ್ದದ್ದು," ಎಂದು ಇಯರ್‌ಪ್ಲಗ್ ತೆಗೆದು ಜೇಬಿಗೆ ಹಾಕಿಕೊಂಡರು, "ಥೇಟ್ ಒಬ್ಬನೇ ಇದ್ದ ಹಾಗೇ ಇತ್ತು."

ಹನ್ನೊಂದು ವರ್ಷದಲ್ಲಿ ಈ ದೇಶದಲ್ಲಿ ನನ್ನನ್ನು ಯಾರೂ ಇಷ್ಟು ಹೊಗಳಿರಲಿಲ್ಲ. ಧನ್ಯವಾದ ಹೇಳಿದೆ. ಅವರು ಕೋಟಿನಿಂದ ಡೈರಿ ತೆಗೆದು ಪುಟ ತಿರುಗಿಸಿದರು.

"ಮುಂದಿನ ತಿಂಗಳು ಕಾರ್ಲ್ಸ್‌ರುಹೆಯಲ್ಲಿ ಇನ್ನೊಂದು ಬ್ಯಾಂಡ್ ಇದೆ. ನಾನು ಒಬ್ಬನೇ ಹೋಗುತ್ತಿದ್ದೇನೆ," ಎಂದರು. "ನೀವೂ ಬನ್ನಿ."