ಗಾಜಿನ ಮೇಲಿನ ಐಸು, ಬಾಗಿಲಿನ ಕೆಂಪು ದೀಪ

ಕ್ಯಾಲಿಫೋರ್ನಿಯಾದಲ್ಲಿ ಚಳಿಯೇ ಇಲ್ಲ ಎನ್ನುವವರು ಡಿಸೆಂಬರಿನಲ್ಲಿ ಅಲ್ಲೇ ಇರುವ ನಮ್ಮೂರು ಡಬ್ಲಿನ್ನಿಗೆ ಬಂದು ಕಾರನ್ನು ಬಯಲಲ್ಲಿ ನಿಲ್ಲಿಸಿ ನೋಡಲಿ. ಬೆಳಗಾಗುವಷ್ಟರಲ್ಲಿ ಇಬ್ಬನಿ ಹೆಪ್ಪುಗಟ್ಟಿ ಗಾಜಿಗೆ ಸುಣ್ಣ ಬಳಿದಂತಿರುತ್ತದೆ. ಅದು ಡಾಟ್‌ಕಾಂ ಕಂಪನಿಗಳ ಗುಳ್ಳೆ ಒಡೆದು ದಿನಬೆಳಗಾದರೆ ಯಾರಾದರೂ ಕೆಲಸ ಕಳೆದುಕೊಳ್ಳುತ್ತಿದ್ದ ಕಾಲ. ನನ್ನ ವೀಸಾ ಇದ್ದದ್ದೇ ಕೆಲಸದ ಮೇಲೆ. ಅದು ಹೋದರೆ ಗಂಟುಮೂಟೆ ಕಟ್ಟಬೇಕು. ತಡವಾಗಿ ಹೋಗಿ ಕಣ್ಣಿಗೆ ಬೀಳುವ ಧೈರ್ಯ ನನಗಿರಲಿಲ್ಲ. ಐಸು ಕೆರೆಯುವ ಸ್ಕ್ರೇಪರು ಕೇಳಿದರೆ ಅಂಗಡಿಯವನು ಬಿಸಿಲಿಗೆ ಅಡ್ಡ ಇಡುವ ಪರದೆ ತೋರಿಸಿದ. ಹಾಗಾಗಿ ಆ ಚಳಿಗಾಲದಲ್ಲಿ ಕೈಗೆ ಸಿಕ್ಕಿದ್ದೇ ನನ್ನ ಆಯುಧ.

೧. ದೋಸೆ ಮಗುಚುವ ಕೈ

ಮೊದಲು ಸಿಕ್ಕಿದ್ದು ಅಡುಗೆಮನೆಯ ದೋಸೆ ಮಗುಚುವ ಕೈ. ಎಷ್ಟು ಚೆನ್ನಾಗಿ ಐಸು ಎದ್ದು ಬಂತೆಂದರೆ, ಪಕ್ಕದ ಮನೆಯ ಅಮೆರಿಕನ್ ಅಜ್ಜಿ ತಮ್ಮ ಕಾರಿನ ಪಕ್ಕದಲ್ಲಿ ನಡುಗುತ್ತಾ ನಿಂತು, "ಇಂಥದ್ದು ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ನನಗೆ ದೇಶಾಭಿಮಾನ ಉಕ್ಕಿ ಬಂತು. "ಇಂಡಿಯಾದ್ದು, ಇಟ್ಟುಕೊಳ್ಳಿ" ಎಂದು ಕೊಟ್ಟೇಬಿಟ್ಟೆ.

ಶನಿವಾರ ಬೆಳಿಗ್ಗೆ ಒಳಗಿನಿಂದ ಹೆಂಡತಿಯ ಕೂಗು. ಕಾವಲಿಯ ಮೇಲೆ ದೋಸೆ ಸೀಯುತ್ತಿದೆ, ಕೈ ಇಲ್ಲ. ನಡೆದದ್ದನ್ನು ಹೇಳಿದೆ. ಅವಳು ಸ್ಟೋವ್ ಆರಿಸಿ, "ತುಂಬಾ ಒಳ್ಳೇದಾಯ್ತು. ಇನ್ಮೇಲೆ ದೋಸೇನೂ ಕಾರ್ ಮೇಲೇ ಹುಯ್ಕೊಳ್ಳಿ" ಎಂದಳು.

೨. ಮಾವನವರ ಪಂಚೆ

ಆಗ ಮಂಡ್ಯದಿಂದ ಅತ್ತೆ ಮಾವ ಬಂದಿದ್ದರು. ನನ್ನ ಪಾಡು ನೋಡಲಾರದೆ ಅತ್ತೆ ಉಪಾಯ ಹೂಡಿದರು. ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಂತಿಲ್ಲ, ಡ್ರೈಯರಿಗೆ ಹಾಕಿದರೆ ಮಾವನವರ ಪಂಚೆಯ ಜರಿ ಹಾಳಾಗುತ್ತದೆ ಎಂಬ ಚಿಂತೆ ಬೇರೆ. ಸಂಜೆ ಒಗೆದ ಪಂಚೆಯನ್ನು ಹಿಂಡಿ, ಕಾರಿನ ಗಾಜಿನ ಮೇಲೆ ಹರಡಿ, ವೈಪರು ಸಿಕ್ಕಿಸಿ ಬಂದರು. "ಗಾಜ್ಗೂ ಹೊದಿಕೆ ಆಯ್ತು, ಪಂಚೇನೂ ಒಣ್ಗುತ್ತೆ, ಅಳಿಯಂದ್ರೆ" ಎಂದರು.

ಬೆಳಿಗ್ಗೆ ಪಂಚೆ, ಗಾಜು, ವೈಪರು ಮೂರೂ ಒಂದೇ ಜೀವವಾಗಿದ್ದವು. ಎಂಜಿನ್ ಚಾಲು ಮಾಡಿ, ಒಳಗಿನಿಂದ ಬಿಸಿ ಗಾಳಿ ಬಿಟ್ಟು, ಇಷ್ಟಿಷ್ಟೇ ಬಿಡಿಸಿದೆ. ಪಂಚೆ ಹಲಗೆಯ ಹಾಗೆ ಸೆಟೆದು ಬಂತು. ಅಡ್ಡಲಾಗಿ ಬಾಗಿಲಲ್ಲಿ ತೂರದೆ ಓರೆ ಮಾಡಿ ಒಳಗೆ ತಂದೆ. ಮಾವ ಅದನ್ನು ಗೋಡೆಗೆ ಒರಗಿಸಿ, ದೂರ ನಿಂತು ನೋಡಿ ಹೇಳಿದರು: "ಮದ್ವೆ ಆಗಿ ಇಷ್ಟು ವರ್ಷಕ್ಕೆ ಇವತ್ತು ನಿಮ್ಮತ್ತೆ ಗಂಜಿ ಸರಿಯಾಗಿ ಹಾಕವ್ಳೆ."

೩. ಬ್ಯಾಡ್ಜು

ಕೈಯೂ ಇಲ್ಲ, ಪಂಚೆಯೂ ಬೇಡ ಎಂದು ಮರುದಿನ ಜೇಬಿನಲ್ಲಿದ್ದ ಆಫೀಸಿನ ಬ್ಯಾಡ್ಜಿನಿಂದಲೇ ಐಸು ಕೆರೆದೆ. ಸರಿಯಾದ ಹೊತ್ತಿಗೇ ಆಫೀಸು ಮುಟ್ಟಿದೆ. ಬಾಗಿಲು ತೆರೆಯುವ ಯಂತ್ರಕ್ಕೆ ಬ್ಯಾಡ್ಜು ಉಜ್ಜಿದರೆ ಹಸಿರಿನ ಬದಲು ಕೆಂಪು ದೀಪ. ಮತ್ತೆ ಉಜ್ಜಿದೆ, ಮತ್ತೆ ಕೆಂಪು.

ಆ ಕಾಲದಲ್ಲಿ ಕೆಲಸ ಹೋಯಿತೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಬಾಗಿಲೇ ಹೇಳುತ್ತಿತ್ತು. ಗಾಜಿನಾಚೆ ಗೆಳೆಯರು ಗುಂಪುಗೂಡಿದರು. ಒಬ್ಬ ಆಗಲೇ ನನ್ನ ಒಳ್ಳೆಯ ಕುರ್ಚಿಯನ್ನು ತನ್ನ ಜಾಗಕ್ಕೆ ತಳ್ಳಿಕೊಂಡು ಹೋಗುತ್ತಿದ್ದ. ಹುಬ್ಬಳ್ಳಿ ಕಡೆಯ ನಮ್ಮ ಮ್ಯಾನೇಜರು ರಟ್ಟಿನ ಡಬ್ಬಿ ಹಿಡಿದು ಹೊರಗೆ ಬಂದರು. "ನನಗೂ ಯಾರೂ ಹೇಳಿಲ್ಲ ನೋಡು. ಹೆದರಬ್ಯಾಡೋ ತಮ್ಮಾ, ನಿನ್ನ ಸಾಮಾನು ಇದರಾಗ ತುಂಬಕೋ" ಎಂದು ಬೆನ್ನು ಸವರಿದರು. ನನಗೆ ಅಳುವೇ ಬಂತು.

ಅಷ್ಟರಲ್ಲಿ ಎಚ್‌ಆರ್ ಹೆಂಗಸು ಬಂದು ಬ್ಯಾಡ್ಜು ಮಗುಚಿ ನೋಡಿದಳು. ಬಾಗಿಲಿನ ಯಂತ್ರ ಓದುವ ಹಿಂದಿನ ಕಪ್ಪು ಪಟ್ಟಿ ಪೂರಾ ಕೆತ್ತಿಹೋಗಿತ್ತು. "ಇದರಿಂದ ಏನು ಮಾಡಿದೆ?" ಎಂದಳು. ಹೇಳಿದೆ. ಹೊಸ ಬ್ಯಾಡ್ಜು ಬಂತು, ಕುರ್ಚಿಯೂ ವಾಪಸು ಬಂತು. ಮ್ಯಾನೇಜರು ಮಾತ್ರ, "ಐಸು ಕೆರಿಯಾಕ ಹೋಗಿ ನೌಕರಿ ಕೆರಕೊಂಡಿದ್ದ!" ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿ ನಕ್ಕರು.

ಮುಂದಿನ ವಾರ ನಾನು ಬರುವ ಹೊತ್ತಿಗೆ ಅದೇ ಬಾಗಿಲಲ್ಲಿ ಮ್ಯಾನೇಜರು ಬ್ಯಾಡ್ಜು ಉಜ್ಜುತ್ತಾ ನಿಂತಿದ್ದರು. ಕೆಂಪು ದೀಪ. ನನಗೆ ಖುಷಿಯೋ ಖುಷಿ. "ಹೆದರಬೇಡಿ ಸರ್, ನೀವೂ ಐಸು ಕೆರೆದಿದ್ದೀರಿ! ತಿರುಗಿಸಿ ನೋಡಿ" ಎಂದೆ.

ತಿರುಗಿಸಿದರು. ಕಪ್ಪು ಪಟ್ಟಿ ಹೊಸದರಂತೆ ಮಿರಮಿರ ಹೊಳೆಯುತ್ತಿತ್ತು.

"ನಮ್ಮ ಕಾರು ಗರಾಜಿನ್ಯಾಗ ನಿಲ್ತದಲ್ಲೋ ತಮ್ಮಾ" ಎಂದರು. ಆಮೇಲೆ ಅವರೇ ನಕ್ಕು, ನನ್ನ ಬೆನ್ನು ಸವರಿ ಕೇಳಿದರು: "ಅವತ್ತು ನಿನಗ ತಂದಿದ್ದೆನಲ್ಲ, ಆ ಡಬ್ಬಿ ಎಲ್ಲಿಟ್ಟಿ?"