ಮೆಣಸಿನ ಮಿಲ್ಲಿನಲ್ಲಿ ವಿಮಾಗಣಿತ

ಯಾರಿಗೂ ಬೇಡದ ಪುಸ್ತಕಗಳನ್ನು ಒಂದು ಕೋಣೆಯಲ್ಲಿ ಜೋಡಿಸಿ, ಹೊರಗೆ ಗ್ರಂಥಾಲಯ ಎಂದು ಬೋರ್ಡು ತೂಗಿಸಿ ನೋಡಿ. ತಮಾಷೆಗಳು ತಾವಾಗಿ ಜಗಲಿ ಹತ್ತಿ ಬರುತ್ತವೆ. ಓದುವವರು ಮಾತ್ರ ಬರುವುದಿಲ್ಲ.

ನಾನು ಮುಂಬೈಯ ಒಂದು ವಿಮಾ ಕಚೇರಿಯಲ್ಲಿ ಕೂದಲು ನರೆಸಿಕೊಂಡವಳು. ಯಾವ ಪ್ರಾಯದವರು ಸಾಧಾರಣ ಎಷ್ಟು ಕಾಲ ಬದುಕುತ್ತಾರೆ, ಅದಕ್ಕೆ ತಕ್ಕ ಹಾಗೆ ವಿಮೆಯ ಕಂತು ಎಷ್ಟಿರಬೇಕು ಎಂದು ಲೆಕ್ಕ ಹಾಕುವ ಒಂದು ವಿದ್ಯೆಯಿದೆ. ಅದಕ್ಕೆ ವಿಮಾಗಣಿತ ಎನ್ನುತ್ತಾರೆ, ಅದನ್ನು ಪೂರ್ತಿ ಕಲಿತವರು ಆಕ್ಚುವರಿಗಳು. ನಾನು ಪೂರ್ತಿ ಕಲಿತವಳಲ್ಲ. ಕೊನೆಯ ಪೇಪರು ಇವತ್ತಿಗೂ ಬಾಕಿ. ನಿವೃತ್ತಳಾಗುವ ಹೊತ್ತಿಗೆ ಕಚೇರಿಯವರು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಹಳೆಯ ಪುಸ್ತಕಗಳನ್ನು ಗುಜರಿಗೆ ಕೊಡಲು ಹೊರಟಿದ್ದರು. "ನನಗೆ ಕೊಡಿ" ಅಂದೆ. ಶಾಲು ಹೊದಿಸುವ ಖರ್ಚು ಉಳಿಯಿತೆಂದು ಖುಷಿಯಿಂದ ಕೊಟ್ಟರು. ಮದುವೆಯಾದವಳಲ್ಲ ನಾನು. ಲಾರಿಯಲ್ಲಿ ಉಡುಪಿ ಕಡೆಯ ಸಾಲಿಗ್ರಾಮಕ್ಕೆ ನನ್ನ ಹಿಂದೆ ಬಂದ ಸಂಸಾರ ಅಷ್ಟೇ.

ಕುಂದಾಪುರ, ಬೈಂದೂರು ಕಡೆಯ ಮಕ್ಕಳು ಈ ಪರೀಕ್ಷೆ ಬರೆಯಬೇಕೆಂದರೆ ಪುಸ್ತಕಕ್ಕಾಗಿ ದೂರದ ಊರಿಗೆ ಓಡಬೇಕು, ನಾನೂ ಓಡಿದವಳೇ, ಅವರಿಗೆ ಇಲ್ಲೇ ಸಿಗಲಿ ಎಂದು ಕರಪತ್ರದಲ್ಲಿ ಅಚ್ಚು ಹಾಕಿಸಿದೆ. ಅದು ಸುಳ್ಳಲ್ಲ. ಆದರೆ ಕರಪತ್ರದಲ್ಲಿ ಹಾಕದ ಮಾತೂ ಒಂದಿತ್ತು. ನನಗೆ ಈ ಊರಿನಲ್ಲಿ ಮಾತಾಡುವವರು ಯಾರೂ ಇರಲಿಲ್ಲ.

ಜಾಗ ಸಿಕ್ಕಿದ್ದು ಮುಚ್ಚಿಹೋದ ಒಂದು ಹಿಟ್ಟಿನ ಮಿಲ್ಲಿನಲ್ಲಿ. ಗಂಡ ತೀರಿಕೊಂಡ ಮೇಲೆ ಮಿಲ್ಲು ನಿಲ್ಲಿಸಿ ಹಿಂದಿನ ಮನೆಯಲ್ಲಿ ಒಬ್ಬರೇ ಇದ್ದ ಹಿರಿಯ ಹೆಂಗಸು ಅದರ ಒಡತಿ. ಊರೆಲ್ಲ ಅವರನ್ನು ಮಿಲ್ಲಿನಕ್ಕ ಅನ್ನುತ್ತಿತ್ತು, ನಾನೂ ಹಾಗೇ ಅಂದೆ. ಬೀಗದ ಕೈ ಕೊಡುವಾಗಲೇ ಅವರು ಷರತ್ತು ಹಾಕಿದರು.

"ಕಾಣ್ ಹೆಣೆ, ಬಪ್ಪು ನವರಾತ್ರಿ ತನ್ಕ ಕಾಂತೆ. ಅಷ್ಟ್ರೊಳ್ಗೆ ಒಬ್ರಾರೂ ಬಂದ್ ನಿನ್ನ ಪುಸ್ತಕ ಓದ್ರೆ ರೂಮ್ ನಿಂಗೇ. ಇಲ್ದಿರೆ ಫ್ಯಾನ್ಸಿ ಅಂಗಡಿಯವ್ರ್ ಕೇಂತಾ ಇದ್ರ್, ಅವ್ರಿಗ್ ಕೊಡ್ತೆ."

"ಒಬ್ರ್ ಸಾಕಾ ಅಕ್ಕಾ?"

"ಸಾಕ್. ಆರೆ ಸಮಾ ಓದ್ಕ್. ಸುಮ್ನೆ ಪುಟ ಮಗ್ಚಿ ಹೋಪುದಲ್ಲ."

ನವರಾತ್ರಿಯೊಳಗೆ ಸರಿಯಾಗಿ ಓದುವವರು ಒಬ್ಬರೇ ತಾನೆ, ಒಂದು ವಾರದ ಕೆಲಸ ಅಂದುಕೊಂಡೆ.

ಕಣ್ಣೀರಿನ ಉದ್ಘಾಟನೆ

ಮಿಲ್ಲು ನಿಂತು ಎಷ್ಟೋ ಕಾಲವಾಗಿತ್ತು. ಗೋಡೆಗೆ ಹೊಸ ಬಣ್ಣವನ್ನೂ ಬಳಿಸಿದ್ದೆ. ಆದರೆ ಊರಿನ ಮೀನು ಸಾರಿಗೆಲ್ಲ ಮೆಣಸು ಪುಡಿಯಾದದ್ದು ಅದೇ ಕೋಣೆಯಲ್ಲಿ ಎನ್ನುವುದನ್ನು ನಾನು ಮರೆತಿದ್ದೆ. ಗೋಡೆ ಮರೆತಿರಲಿಲ್ಲ.

ನಿವೃತ್ತ ಹೆಡ್ಮಾಸ್ಟರೊಬ್ಬರು ದೀಪ ಹಚ್ಚಲು ಬಂದರು. ಇಪ್ಪತ್ತು ಮೂವತ್ತು ಜನವೂ ಬಂದರು. ಉಪ್ಪಿಟ್ಟಿದೆ ಎಂದು ಮಿಲ್ಲಿನಕ್ಕ ಮೊದಲೇ ಹೇಳಿಟ್ಟಿದ್ದರು. ಸೆಖೆಯೆಂದು ಯಾರೋ ಪುಣ್ಯಾತ್ಮರು ಫ್ಯಾನು ಹಾಕಿದರು. ಹಂಚಿನ ಮಾಡಿನ ಮರದ ಪಕಾಸಿಗಳಲ್ಲಿ ವರ್ಷಗಟ್ಟಲೆ ನೆಮ್ಮದಿಯಿಂದ ಕೂತಿದ್ದ ಮೆಣಸಿನ ಪುಡಿ ಎದ್ದು ಕೆಳಗಿಳಿಯಿತು. ಹೆಡ್ಮಾಸ್ಟರು ಹಚ್ಚಿದ ದೀಪವನ್ನು ಅವರೇ ಸೀನಿ ಆರಿಸಿದರು. ಮತ್ತೆ ಹಚ್ಚಿದರು, ಮತ್ತೆ ಆರಿಸಿದರು. "ಈ ಗ್ರಂಥಾಲಯವು" ಎಂಬಲ್ಲಿಗೆ ಅವರ ಭಾಷಣ ನಿಂತಿತು. ಮಿಲ್ಲಿನಕ್ಕನೊಬ್ಬರೇ ಸೀನದೆ, "ನಮ್ಮ ಮೆಣ್ಸ್ ಅಂದ್ರೆ ಹಂಗೆ. ಈಗ್ಳೂ ಘಾಟ್ ಇತ್ತ್ ಕಾಣಿ" ಎಂದು ಹೆಮ್ಮೆಯಿಂದ ಸುತ್ತ ನೋಡಿದರು.

ಸಭೆ ಅಲ್ಲಿಗೇ ಮುಗಿಯಿತು. ಎಲ್ಲರೂ ಸಾಲಾಗಿ ಕಣ್ಣು ಮೂಗು ಒರೆಸಿಕೊಳ್ಳುತ್ತಾ ಹೊರಗೆ ಬಂದರು. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ಸೈಕಲ್ ನಿಲ್ಲಿಸಿ, ಚಪ್ಪಲಿ ಕಳಚಿ, ಗೌರವದಿಂದ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಯಾರ್ ಹೋದ್ದ್ ಅಮಾ? ಪ್ರಾಯ ಆಗಿತ್ತಾ?"

ನನ್ನ ಪಕ್ಕದ ಸೀಟು

ಓದುಗರು ಬಾರದಿದ್ದರೆ ನಾನೇ ಹೋಗಿ ಕರೆಯುವುದು ಎಂದು ಕರಪತ್ರಗಳ ಕಟ್ಟು ಹಿಡಿದು ಬಸ್ಸು ಹತ್ತಿದೆ. ಇವತ್ತು ಕುಂದಾಪುರದ ಕಾಲೇಜು, ನಾಳೆ ಬೈಂದೂರು, ಆಚೆ ನಾಡಿದ್ದು ಬ್ರಹ್ಮಾವರ.

ಮೊದಲನೇ ದಿನ ಪಕ್ಕದಲ್ಲಿ ಕೂತ ಹೆಂಗಸು ಬಹಳ ಒಳ್ಳೆಯವರು. ಸೀಟಿನಲ್ಲಿ ಸರಿದು ಜಾಗ ಕೊಟ್ಟರು, ಕಿತ್ತಳೆ ಸುಲಿದು ಅರ್ಧ ಕೈಗಿಟ್ಟರು, ಸೊಸೆಯ ಸುದ್ದಿಯನ್ನು ಆಗಷ್ಟೇ ಶುರು ಮಾಡಿದ್ದರು. ನನಗೆ ಎಷ್ಟು ಹಿತವಾಗಿತ್ತೆಂದರೆ ಬಸ್ಸು ಕುಂದಾಪುರ ದಾಟಿ ಭಟ್ಕಳಕ್ಕೇ ಹೋಗಲಿ ಅನಿಸಿತ್ತು. ಆಗ ಅವರು ಕೇಳಿದರು, "ನೀವ್ ಎಂತ ಮಾಡ್ಕಂಡ್ ಇದ್ರಿ?"

"ವಿಮೆಯ..." ಅಂದೆ. ಅಷ್ಟೇ ಅಂದದ್ದು.

"ಹ್ವಾಯ್ ಕಂಡಕ್ಟ್ರೇ, ನಿಲ್ಸಿ! ನಂಗ್ ಇಲ್ಲೇ ಇಳುಕಿತ್ತ್!"

ಅವರು ಇಳಿದಲ್ಲಿ ಮನೆಯೂ ಇರಲಿಲ್ಲ, ಅಂಗಡಿಯೂ ಇರಲಿಲ್ಲ, ಒಂದು ಕಾಲುವೆ ಇತ್ತು. ಪಾಲಿಸಿ ಮಾಡಿಸಿಕೊಳ್ಳುವುದಕ್ಕಿಂತ ಕಾಲುವೆ ಮೇಲು ಅಂತ ಅವರಿಗೆ ಕಂಡಿರಬೇಕು. ಅರ್ಧ ಕಿತ್ತಳೆ ನನ್ನ ಕೈಯಲ್ಲೇ ಉಳಿಯಿತು. ನಾನು ಏಜೆಂಟಲ್ಲ, ಬರೀ ಲೆಕ್ಕದವಳು ಎಂದು ಹೇಳಲು ಮತ್ತೆಂದೂ ಅವರು ಸಿಗಲಿಲ್ಲ. ಆಮೇಲೆ ಆ ದಾರಿಯ ಪ್ರಯಾಣಿಕರಿಗೆಲ್ಲ ಸುದ್ದಿ ಹೋಯಿತು. ಎಷ್ಟೇ ರಶ್ಶಿದ್ದರೂ ನನ್ನ ಪಕ್ಕದ ಸೀಟು ಖಾಲಿ. ಹೋಗುತ್ತಾ ಬರುತ್ತಾ ನಾನು ಕಿಟಕಿಯೊಂದಿಗೆ ಮಾತಾಡುತ್ತಿದ್ದೆ.

ಒಂದು ದಿನ ಮಾತ್ರ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಪಕ್ಕದಲ್ಲೂ ಪರ ಊರಿನವರು ಯಾರೋ ಕೂತಿದ್ದರು. ಮಗುವನ್ನೆತ್ತಿಕೊಂಡ ತಾಯಿಯೊಬ್ಬಳು ಕಂಬಿ ಹಿಡಿದು ನಿಂತಿದ್ದಳು. ಕಂಡಕ್ಟರು ಜನರ ನಡುವೆ ನುಸುಳಿ ಬಂದು ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಮಾ, ಒಂದ್ ಉಪಕಾರ ಆಯ್ಕ್. ಒಂಚೂರ್ ವಿಮೆ ಬಗ್ಗೆ ಮಾತಾಡಿ ಕಾಂಬ, ಈ ಹೆಣ್ಣಿಗ್ ಒಂದ್ ಸೀಟ್ ಬೇಕಿತ್ತ್."

ನಿದ್ದೆಯ ಪುಟ

ಕೊನೆಗೆ ಒಬ್ಬರು ಬಂದರು. ಹೆಣ್ಣುವೇಷ ಹಾಕುವ ಯಕ್ಷಗಾನ ಕಲಾವಿದರು. ಬೆಳಿಗ್ಗೆ ನಾನು ಬಾಗಿಲು ತೆಗೆಯುವಾಗಲೇ ಜಗಲಿಯಲ್ಲಿ ಇರುತ್ತಿದ್ದರು. ಸೋಪು ಹಾಕಿ ಮುಖ ತೊಳೆದಿದ್ದರೂ ಕಿವಿಯ ಹಿಂದೆ ಬಣ್ಣ ಉಳಿದಿರುತ್ತಿತ್ತು. ಎಲ್ಲಕ್ಕಿಂತ ದಪ್ಪದ ಪುಸ್ತಕವನ್ನೇ ಆರಿಸಿ, ಮೇಜಿನ ಮೇಲೆ ಬಿಡಿಸಿ, ಮೊದಲನೇ ಪುಟ ಮುಗಿಯುವ ಮುಂಚೆ ಅದರ ಮೇಲೇ ತಲೆಯಿಟ್ಟು ಮಲಗುತ್ತಿದ್ದರು.

ನಾನು ಎಬ್ಬಿಸಲಿಲ್ಲ. ಹೇಳಲು ನಾಚಿಕೆ ಯಾಕೆ, ಆ ಕೋಣೆಯಲ್ಲಿ ನನ್ನದಲ್ಲದ ಒಂದು ಉಸಿರಿತ್ತಲ್ಲ, ನನಗೆ ಅಷ್ಟೇ ಸಾಕಾಗಿತ್ತು. ಅವರು ಗೊರಕೆ ಹೊಡೆಯುವಾಗ ನಾನು ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತಾ ಮಧ್ಯಾಹ್ನ ಮಾಡುತ್ತಿದ್ದೆ. ಅವರು ಎದ್ದಾಗ ಚಹಾ ಕೊಡುತ್ತಿದ್ದೆ.

ಮಿಲ್ಲಿನಕ್ಕ ತನಿಖೆಗೆ ಬಂದರು. "ಇವ್ರ್ ಓದುದಾ? ಕಣ್ಣ್ ಮುಚ್ಕಂಡ್ ಓದುದಾ?"

ಕಲಾವಿದರು ಎದ್ದು ಕೂತು ಕೈ ಮುಗಿದರು. "ಸುಳ್ಳ್ ಹೇಳುದಿಲ್ಲೆ ಅಮಾ. ರಾತ್ರಿ ಇಡೀ ಕುಣ್ದ್ ಬಂದ್ರೆ ಹಗ್ಲಿಗೆ ನಿದ್ರಿ ಹತ್ತುದಿಲ್ಲೆ. ಕಿವಿ ಒಳ್ಗೆ ಚೆಂಡೆ ಹೊಡ್ದಂಗೇ ಆತ್ತ್. ಡಾಕ್ಟ್ರ್ ಗುಳ್ಗಿ ಕೊಟ್ರ್, ನಾಟ್ಲಿಲ್ಲೆ. ಈ ಪುಸ್ತಕ ನಾಟ್ತ್."

ಷರತ್ತಿನ ಪ್ರಕಾರ ಅದು ಓದಿದ ಲೆಕ್ಕಕ್ಕೆ ಬರಲಿಲ್ಲ. ಮಳೆಗಾಲ ಹತ್ತಿರ ಬಂದಿತ್ತು. ಊರೂರು ಸುತ್ತಿ ರಾತ್ರಿ ಆಟವಾಡುವ ಮೇಳದ ತಿರುಗಾಟ ಮಳೆಗೆ ಮುಗಿದರೆ ಅವರು ಹಗಲು ಮಲಗಬೇಕಾಗಿಲ್ಲ, ಇಲ್ಲಿಗೆ ಬರಬೇಕಾಗಿಯೂ ಇಲ್ಲ. ಅದನ್ನು ನೆನೆಸಿ ನನಗೆ ನಿಜವಾಗಿ ಬೇಜಾರಾಯಿತು. ತಿರುಗಾಟದ ಕೊನೆಯ ವಾರ ಅವರು ಬಂದು, ಪುಸ್ತಕವನ್ನು ಒಮ್ಮೆ ಕೊಂಡುಹೋಗಬಹುದೇ, ಮೇಳದ ಬೇರೆಯವರೂ ಕೇಳುತ್ತಿದ್ದಾರೆ ಅಂದರು. ಇಲ್ಲಿಯ ಪುಸ್ತಕ ಹೊರಗೆ ಕೊಡುವ ಕ್ರಮವಿಲ್ಲ ಎಂದೆ.

"ಹಂಗಾರೆ ಅರ್ಧ ಪುಟ ಜೆರಾಕ್ಸ್ ಮಾಡಿ ಕೊಡಿ. ಇಡೀ ಪುಟ ಬ್ಯಾಡ ಅಮಾ, ನಂಗ್ಳಿಗ್ ರಾತ್ರಿ ವೇಷಕ್ಕೆ ಏಳುಕಿತ್ತ್."

ಕೊನೆ ಮುಟ್ಟಿದ ಏಜೆಂಟು

ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹಾಲಾಡಿ ಕಡೆಯ ಒಬ್ಬ ವಿಮಾ ಏಜೆಂಟು ಬಂದ. ಇವನು ನಿಜವಾದ ಏಜೆಂಟು. ಒಂಟಿ ಹೆಂಗಸು, ಮುಂಬೈಯಲ್ಲಿದ್ದು ಬಂದವಳು, ಪಾಲಿಸಿಗೆ ಹೇಳಿ ಮಾಡಿಸಿದ ಗಿರಾಕಿ ಎಂದು ಯಾರೋ ಅವನಿಗೆ ಹೇಳಿದ್ದರಂತೆ. ಹೊರಗಿನ ಬೋರ್ಡನ್ನು ಅವನು ಓದಿರಲಿಲ್ಲ. ಆ ವಿಷಯದಲ್ಲಿ ಅವನೂ ಊರಿನವರ ಹಾಗೇ.

ಇದ್ದ ಒಂದೇ ಕುರ್ಚಿಯನ್ನು ಅವನಿಗೆ ಕೊಟ್ಟು ನಾನು ಪುಸ್ತಕದ ಪೆಟ್ಟಿಗೆಯ ಮೇಲೆ ಕೂತೆ. ಅವನು ಕೈಚೀಲದಿಂದ ಬಣ್ಣದ ಕಾಗದ ತೆಗೆದು ಶುರು ಮಾಡಿದ. ಅವನು ತೋರಿಸಿದ ಕಂತಿನ ಪಟ್ಟಿ ಯಾವ ಲೆಕ್ಕದಿಂದ ಬಂದದ್ದೆಂದು ನನಗೆ ಅಂಗೈ ಗೆರೆಯಷ್ಟು ಪರಿಚಯ. ನಡುನಡುವೆ ಅವನು ತಪ್ಪು ಹೇಳುತ್ತಿದ್ದ. ನಾನು ತಿದ್ದಲಿಲ್ಲ. ತಿದ್ದಿದರೆ ಎದ್ದು ಹೋಗುತ್ತಾನೆ. ಎಷ್ಟೋ ದಿನವಾಗಿತ್ತು ಆ ಕೋಣೆಯಲ್ಲಿ ಯಾರಾದರೂ ಆಯುಸ್ಸು, ಕಂತು, ಬಡ್ಡಿ ಎಂಬ ಮಾತಾಡಿ. ಅದು ನನ್ನ ತವರುಮನೆಯ ಭಾಷೆ. ನಾನು ಹೂಂಗುಟ್ಟುತ್ತಾ ಕೂತೆ.

ಅವನು ಹೇಳುತ್ತಾ ಹೋದ. ಬರಬರುತ್ತಾ ಅವನ ದನಿ ಸಣ್ಣದಾಯಿತು. ಕಾಗದ ಹಿಂದೆ ಮುಂದೆ ತಿರುಗಿಸಿದ, ನನ್ನ ಮುಖ ನೋಡಿದ, ಹಣೆ ಒರೆಸಿಕೊಂಡ.

"ಹೇಳಿ, ಆಮೇಲೆ?" ಅಂದೆ.

"ಆಮೇಲೆ ಎಂತ ಹೇಳುದ್ ಅಂದೇಳಿ ನಂಗ್ ಗೊತ್ತಿಲ್ಲೆ ಅಮಾ. ಇಲ್ಲೀ ತನ್ಕ ಯಾರೂ ಕೂಕಂಡ್ ಕೇಂಡದ್ದೇ ಇಲ್ಲೆ."

ಪೂಜೆಗೆ ಇಟ್ಟ ಪುಸ್ತಕ

ನವರಾತ್ರಿ ಬಂತು. ಓದುಗರು ಬರಲಿಲ್ಲ. ಫ್ಯಾನ್ಸಿ ಅಂಗಡಿಯವರು ಬಂದು ಬಳೆಯ ಸ್ಟ್ಯಾಂಡು ಎಲ್ಲಿ ಇಡುವುದೆಂದು ಗೋಡೆ ಅಳೆದು ಹೋದರು. ನಾನು ಪುಸ್ತಕ ತುಂಬಲು ಖಾಲಿ ರಟ್ಟಿನ ಪೆಟ್ಟಿಗೆ ತರಲೆಂದು ಬ್ರಹ್ಮಾವರಕ್ಕೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಕಪಾಟುಗಳೆಲ್ಲ ಖಾಲಿ.

ಪುಸ್ತಕಗಳು ಎಲ್ಲಿಗೂ ಹೋಗಿರಲಿಲ್ಲ. ಮಿಲ್ಲಿನಕ್ಕ ತಮ್ಮ ಕೈಯಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ಬಾಗಿಲು ತೆಗೆದು, ಅಷ್ಟನ್ನೂ ಅದೇ ಕೋಣೆಯ ಮೂಲೆಯಲ್ಲಿ ಮಣೆಯ ಮೇಲೆ ಪೇರಿಸಿ, ಅದರ ಮೇಲೆ ತಮ್ಮ ಮದುವೆಯ ಧಾರೆ ಸೀರೆ ಹೊದಿಸಿ, ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿ ಶಾರದೆ ಪೂಜೆಗೆ ಇಟ್ಟಿದ್ದರು.

"ಹೆಂಗೂ ಹೋಪು ಪುಸ್ತಕ ಅಲ್ದಾ ಹೆಣೆ. ನಮ್ಮಲ್ಲಿ ಒಂದ್ ಪೂಜಿ ಆಯ್ಲಿ ಅಂದೇಳಿ," ಅಂದರು. ಹೆಣ್ಣುಮಗಳನ್ನು ಕಳಿಸುವ ದನಿ. ನಾನು ಮುಖ ಆಚೆ ಮಾಡಿದೆ.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಬೈಂದೂರಿನವಳು. ಕಾಲೇಜಿನ ಗೋಡೆಯಲ್ಲಿ ನನ್ನ ಕರಪತ್ರ ನೋಡಿದ್ದಳಂತೆ. ಆಕ್ಚುವರಿ ಪರೀಕ್ಷೆಯ ಮೊದಲನೇ ಪೇಪರಿಗೆ ಕಟ್ಟಿದ್ದಾಳೆ, ದಸರಾ ರಜೆ ಸಿಕ್ಕಿತೆಂದು ಬಂದಿದ್ದಾಳೆ, ಪುಸ್ತಕ ಓದಬೇಕು.

ಓದಬೇಕು! ನಾನು ಹಿಂದಿನ ಮನೆಗೆ ಓಡಿ ಮಿಲ್ಲಿನಕ್ಕನನ್ನು ಎಳೆದುಕೊಂಡು ಬಂದೆ. "ಅಕ್ಕಾ, ಬಂದಳ್ ಕಾಣಿ! ಸಮಾ ಓದುವವಳೇ!"

"ಬರ್ಲಿ, ಸಂತೋಷ. ಆರೆ ಪೂಜಿಗ್ ಇಟ್ಟ ಪುಸ್ತಕ ದಶಮಿ ತನ್ಕ ಮುಟ್ಟುಕಾಗ."

"ಓದುವವ್ರ್ ಬರ್ಕ್ ಅಂದದ್ ನೀವೇ ಅಲ್ದಾ?"

"ನಾನೇ ಅಂದದ್ದ್. ಶಾರದೆ ಎದ್ರಿಗೆ ನಂದ್ ಎಂತ ನಡಿತ್ತ್?"

ಹುಡುಗಿ ಪುಸ್ತಕದ ರಾಶಿಗೆ ದೂರದಿಂದ ನಮಸ್ಕಾರ ಮಾಡಿ, ಪ್ರಸಾದದ ಪಂಚಕಜ್ಜಾಯ ತಿಂದು, "ದಶಮಿ ಕಳ್ದ್ ಬತ್ತೆ" ಎಂದು ಹೇಳಿ ಬಸ್ಸು ಹತ್ತಿದಳು. ಬರುತ್ತೇನೆ ಎಂದು ಹೋದವರನ್ನು ನಾನು ಬಹಳ ನೋಡಿದ್ದೇನೆ. ಬಸ್ಸು ಹೋದ ಮೇಲೆ ರಸ್ತೆಯ ಬದಿಯಲ್ಲೇ ನನಗೆ ಅಳು ಬಂತು.

ದಶಮಿಯ ದಿನ ಮಂಗಳಾರತಿಯಾಯಿತು. ಪೂಜೆಗೆ ಇಟ್ಟವರು ಪುಸ್ತಕ ತೆಗೆದು ದೇವಿಯ ಎದುರು ನಾಲ್ಕು ಸಾಲು ಓದದಿದ್ದರೆ ಪೂಜೆ ಪೂರ್ತಿಯಾಗದು. ಮಿಲ್ಲಿನಕ್ಕ ಮೇಲಿನ ಪುಸ್ತಕ ತೆಗೆದು ನನ್ನ ಕಡೆ ಚಾಚಿ, "ಓದ್ ಹೆಣೆ" ಅಂದರು.

"ಇಟ್ಟದ್ ನೀವ್. ನೀವೇ ಓದಿ," ಅಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಅವರಿಗೆ ಇಂಗ್ಲಿಷು ಬಾರದು. ಆದರೆ ಮೇಲಿದ್ದದ್ದು ಜೀವಿತದ ಪಟ್ಟಿಗಳ ಪುಸ್ತಕ, ಒಳಗೆ ಬರೀ ಅಂಕಿ. ಮಿಲ್ಲಿನ ತಕ್ಕಡಿಯಲ್ಲಿ ಅಂಕಿ ಓದಿದ ಕಣ್ಣು ಅವರದು. ಕನ್ನಡಕ ಏರಿಸಿ, ಬೆರಳಿಟ್ಟು, ದೊಡ್ಡ ದನಿಯಲ್ಲಿ ಶುರು ಮಾಡಿದರು. ನಾಲ್ಕು ಸಾಲಾದ ಮೇಲೆ ನಿಲ್ಲಿಸಿ, "ಇದ್ ಎಂತದ್?" ಎಂದು ಕೇಳಿದರು. ಈ ಕಡೆಯದು ಪ್ರಾಯ, ಇದು ಆ ಪ್ರಾಯದಲ್ಲಿ ಇದ್ದವರು, ಇದು ಆ ವರ್ಷ ಹೋದವರು ಎಂದೆ. ಅವರ ಬೆರಳು ಮೆಲ್ಲಗೆ ಕೆಳಗಿಳಿದು ಒಂದು ಸಾಲಿನಲ್ಲಿ ನಿಂತಿತು.

"ಇವ್ರ್ ಹೋದ್ದ್ ಈ ಪ್ರಾಯಕ್ಕೆ," ಅಂದರು. ಗಂಡನ ಮಾತು. ಬೆರಳನ್ನು ಅಡ್ಡಕ್ಕೆ ಸರಿಸಿ ಆ ವರ್ಷ ಹೋದವರ ಅಂಕಿ ಓದಿದರು. "ಇವ್ರ ಪ್ರಾಯದವ್ರ್ ಇಷ್ಟ್ ಜನ ಹೋಯಿರಾ ಹೆಣೆ? ನಾನ್ ಇವ್ರೊಬ್ರೇ ಹೋದ್ದ್ ಅಂದೇಳಿ ಇದ್ದಿದ್ದೆ."

ನನ್ನ ಸಿಟ್ಟು ಎಲ್ಲಿ ಹೋಯಿತೋ. ಇಷ್ಟು ವರ್ಷ ಆ ಪಟ್ಟಿಯ ಜೊತೆ ಬಾಳಿದವಳು ನಾನು, ಒಂದು ಸಾಲನ್ನೂ ಯಾರಿಗೂ ಹಾಗೆ ಓದಿ ಹೇಳಿರಲಿಲ್ಲ. ಅವರ ಪಕ್ಕ ಮಣೆ ಎಳೆದುಕೊಂಡು ಕೂತೆ. ಆ ಸಾಲು, ಈ ಸಾಲು, ನನ್ನ ಸಾಲು, ಅವರ ಸಾಲು, ಕೇಳಿದ್ದಕ್ಕೆಲ್ಲ ಹೇಳಿದೆ. ಮಧ್ಯಾಹ್ನದ ಊಟ ತಣ್ಣಗಾಯಿತು.

ಮಾರನೇ ದಿನ ಬೈಂದೂರಿನ ಹುಡುಗಿ ಹೇಳಿದ ಹಾಗೇ ಬಂದಳು. ಒಳಗೆ ಇದ್ದ ಒಂದೇ ಕುರ್ಚಿಯಲ್ಲಿ ಮಿಲ್ಲಿನಕ್ಕ ಪಟ್ಟಿಯ ಮೇಲೆ ಬೆರಳಿಟ್ಟು ಕೂತಿದ್ದರು. ಊರಿನ ಒಬ್ಬೊಬ್ಬರದೇ ಪ್ರಾಯ ಹುಡುಕುವುದು ನಡೆದಿತ್ತು. ಹುಡುಗಿ ಕೆಮ್ಮಿದಳು, ಮೆಣಸಿನ ಘಾಟಿಗೆ ಒಂದು ಸಲ ಸೀನಿಯೂ ಸೀನಿದಳು. ಮಿಲ್ಲಿನಕ್ಕ ಕನ್ನಡಕದ ಮೇಲಿಂದ ಗದರಿಸಿ ನೋಡಿದರು.

"ಶ್! ಹೊರ್ಗ್ ಜಗ್ಲಿ ಮೇಲ್ ಕೂಕೋ ಮಗಾ. ಇಲ್ಲ್ ಓದುವವ್ರ್ ಇದ್ರ್, ಕಾಂತಿಲ್ಯಾ?"