ಅತ್ತೆಯ ತುಕ್ಕು ಪುರಾಣ

ನಮ್ಮ ಅತ್ತೆ ಮಕ್ಕಳ ರಕ್ತ ಕುಡಿಯುತ್ತಾಳೆ ಎಂದು ತೊಂಬತ್ತರ ದಶಕದ ಜಯನಗರದಲ್ಲಿ ಒಂದು ಸುದ್ದಿಯಿತ್ತು. ಶುದ್ಧ ಸುಳ್ಳು! ಅವಳು ಕುಡಿಯುತ್ತಿರಲಿಲ್ಲ, ಬರೀ ತೆಗೆಯುತ್ತಿದ್ದಳು.

ಅತ್ತೆ ಎಂದರೆ ಅಪ್ಪನ ತಂಗಿ. ಮದುವೆಯ ಗೋಜಿಗೆ ಹೋಗದೆ, ನಮ್ಮ ಮಹಡಿಯ ಕೋಣೆಯಲ್ಲಿದ್ದುಕೊಂಡು, ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿಕೊಂಡವಳು. ವಿಷಯ ಏನು ಅಂತೀರಿ? ಹದಿಹರೆಯದ ಆರೋಗ್ಯವಂತ ಮಕ್ಕಳ ಒಳಗಿನ ತುಕ್ಕು! ನಾವು ಎಳೆದುಕೊಳ್ಳುವ ಆಮ್ಲಜನಕವೇ ಒಳಗೊಳಗೇ ನಮ್ಮನ್ನು ತುಕ್ಕು ಹಿಡಿಸುತ್ತದಂತೆ. ಅದನ್ನು ತಡೆಯಲು ರಕ್ತದಲ್ಲಿ ಆಂಟಿಆಕ್ಸಿಡೆಂಟ್ ಎಂಬ ಕಾವಲುಗಾರರು ಇರುತ್ತಾರಂತೆ. ತುಕ್ಕೆಷ್ಟು, ಕಾವಲೆಷ್ಟು ಎಂದು ಅಳೆಯುವುದು ಅವಳ ಕೆಲಸ. ಅಪ್ಪ ಗೇಟಿಗೆ ಬಣ್ಣ ಹೊಡೆಸಿದರೆ ಅತ್ತೆ ಬಂದು, "ಅಣ್ಣ, ಗೇಟಿಗೇನೋ ಬಣ್ಣ ಹೊಡೆಸ್ದೆ, ನಿನ್ನ ತುಕ್ಕಿಗೇನು ಮಾಡ್ತೀಯ? ನೆಲ್ಲಿಕಾಯಿ ತಿನ್ನು!" ಎನ್ನುತ್ತಿದ್ದಳು.

ನನಗೋ ಚಿಕ್ಕಂದಿನಿಂದ ಉಬ್ಬಸ. "ಉಸಿರಾಡಿದ್ರೇ ತುಕ್ಕು ಹಿಡಿಯೋದಾದ್ರೆ ನಾನು ಎಲ್ಲರಿಗಿಂತ ಹೊಸದಾಗಿರ್ಬೇಕಲ್ಲ ಅತ್ತೆ?" ಎಂದು ಒಮ್ಮೆ ಕೇಳಿದ್ದೆ. ಮನೆಮಂದಿಯೆಲ್ಲ ನಕ್ಕರು. ಅತ್ತೆ ಮಾತ್ರ ನಗದೆ ನನ್ನ ಬೆನ್ನು ಸವರಿದಳು.

ಆರೋಗ್ಯವಂತ ಮಕ್ಕಳಿಗೇನು ಬರವೇ? ಬೀದಿ ತುಂಬ ಇದ್ದವು. ಆದರೆ ತನ್ನ ಮಗು ಆರೋಗ್ಯವಾಗಿದೆ ಎಂದು ಬಾಯಿಬಿಟ್ಟು ಒಪ್ಪಿಕೊಳ್ಳುವ ತಾಯಿಯನ್ನು ನೀವೆಲ್ಲಾದರೂ ಕಂಡಿದ್ದೀರಾ? ದೃಷ್ಟಿಯಾಗಿಬಿಟ್ಟರೆ! ಎದುರುಮನೆ ಆಂಟಿಯನ್ನು ಅತ್ತೆ ಕೇಳಿದಾಗ, "ಎಲ್ಲಿಯ ಆರೋಗ್ಯ ಬಿಡಿ ಮೇಡಂ! ಊಟಾನೇ ಸೇರಲ್ಲ, ಸೊರಗಿಹೋಗಿದಾನೆ" ಎಂದರು. ಅಷ್ಟರಲ್ಲಿ ಒಳಗಿನಿಂದ, "ಅಮ್ಮಾ, ಇನ್ನೂ ನಾಲ್ಕು ಇಡ್ಲಿ!" ಎಂದು ಸೊರಗಿದವನ ದನಿ ಬಂತು.

ಬನಶಂಕರಿಯ ಛತ್ರವೊಂದರಲ್ಲಿ ಮದುವೆಯೂಟಕ್ಕೆ ಕೂತಾಗ ಅತ್ತೆ ಪಕ್ಕದೆಲೆಯ ಹೆಂಗಸನ್ನು ವಿಚಾರಿಸತೊಡಗಿದಳು. ಮಗಳಿಗೆ ವಯಸ್ಸೆಷ್ಟು? ಕಾಯಿಲೆ ಗೀಯಿಲೆ ಇಲ್ಲ ತಾನೆ? ಆಕೆ ಗಾಬರಿಯಾಗಿ, "ಇನ್ನೂ ಹತ್ತನೇ ಕ್ಲಾಸು ಕಣ್ರೀ, ಈಗ್ಲೇ ಸಂಬಂಧ ನೋಡ್ತಿಲ್ಲ" ಎಂದರು.

"ಒಳ್ಳೇದೇ ಆಯ್ತು! ನಾಳೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕಳ್ಸಿ!"

ಆಕೆ ಹೋಳಿಗೆಯನ್ನೂ ಬಿಟ್ಟು ಎದ್ದರು.

ಇನ್ನು ಅತ್ತೆಯ ಮರೆವು! ಬೇರೆ ಬೇರೆ ಜೊತೆಯ ಚಪ್ಪಲಿ ಮೆಟ್ಟಿಕೊಂಡು ಲ್ಯಾಬಿಗೆ ಹೋದದ್ದುಂಟು. ಬನಶಂಕರಿಯಲ್ಲಿ ಬಸ್ಸಿಳಿಯಬೇಕಾದವಳು ಐಸ್ ಡಬ್ಬ ತೊಡೆಯ ಮೇಲಿಟ್ಟುಕೊಂಡು ಅದರಾಚೆಯ ಜರಗನಹಳ್ಳಿ ತಲುಪಿದ್ದುಂಟು. "ಡಬ್ಬದಲ್ಲೇನಮ್ಮ, ಐಸ್‌ಕ್ರೀಮಾ?" ಎಂದು ಕಂಡಕ್ಟರ್ ಕೇಳಿದರೆ, "ಅಲ್ಲಪ್ಪ, ಮಕ್ಕಳ ರಕ್ತ" ಎಂದಳಂತೆ. ಸುತ್ತಲಿನ ಸೀಟುಗಳೆಲ್ಲ ಖಾಲಿ! ಸುದ್ದಿ ಹುಟ್ಟಿದ್ದು ಅಲ್ಲೇ ಇರಬೇಕು.

ಕೊನೆಗೂ ನಮ್ಮ ಬೀದಿಯ ಹುಡುಗ ಹುಡುಗಿಯರು, ಅಮ್ಮಂದಿರನ್ನು ಒಪ್ಪಿಸಿಕೊಂಡು, ತೋಳಿಗೆ ಹತ್ತಿ ಅಂಟಿಸಿಕೊಂಡು ಮೆರೆಯತೊಡಗಿದರು. "ನಂದೂ ತಗೋ ಅತ್ತೆ" ಎಂದೆ.

"ಆಗಲ್ಲ ಪುಟ್ಟಿ. ಔಷಧಿ ನಿಂತು ವರ್ಷ ಆಗಿರ್ಬೇಕು. ರೂಲ್ಸ್ ಅಂದ್ರೆ ರೂಲ್ಸು."

ನಾನು ಕೋಣೆಗೆ ಹೋಗಿ ಅತ್ತುಬಿಟ್ಟೆ. ಸೂಜಿ ಚುಚ್ಚಿಸಿಕೊಳ್ಳುವ ಹುಚ್ಚೇನೂ ನನಗಿರಲಿಲ್ಲ. ಆರೋಗ್ಯವಂತರ ಸಾಲಿನಲ್ಲಿ ಒಂದೇ ಒಂದು ಸಲ ನಿಲ್ಲಬೇಕಿತ್ತು. ಮನೆಯಲ್ಲಿ ನನ್ನ ಹೆಸರೇ 'ವೀಕು'. ಹಬ್ಬದ ಸಂಜೆ ಅಮ್ಮ ನನ್ನ ಅಣ್ಣನಿಗೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಬಚ್ಚಲೊಲೆಗೆ ಹಾಕುವಾಗ, ಘಾಟಿಗೆ ಉಬ್ಬಸ ಏಳುತ್ತದೆಂದು ನನ್ನನ್ನು ಹೊರಗೆ ಕಳಿಸುತ್ತಿದ್ದಳು. ನನಗೆ ದೃಷ್ಟಿ ತೆಗೆದದ್ದೇ ಇಲ್ಲ. "ಇವಳಿಗ್ಯಾರು ಕಣ್ಣು ಹಾಕ್ತಾರೆ ಬಿಡು" ಎಂದು ಅಜ್ಜಿಯೂ ಅನ್ನುತ್ತಿದ್ದಳು.

ಮಾರನೆಯ ಬೆಳಿಗ್ಗೆಯಿಂದ ಅತ್ತೆ ನನ್ನ ಬಾಯಿಗೊಂದು ನೆಲ್ಲಿಕಾಯಿ ತುರುಕಿ, ಜೊತೆಯಲ್ಲಿ ವಾಕಿಂಗ್‌ಗೆ ಎಳೆದುಕೊಂಡು ಹೋಗತೊಡಗಿದಳು. ಡಾಕ್ಟರ ಕೈಗುಣವೋ, ವಯಸ್ಸೋ, ನೆಲ್ಲಿಕಾಯಿಯೋ, ಉಬ್ಬಸ ಬರಬರುತ್ತ ಕಡಿಮೆಯಾಯಿತು. ಡಾಕ್ಟರೇ ಔಷಧಿ ನಿಲ್ಲಿಸಿದರು. ಇವತ್ತಿಗೂ ಮೆಟ್ಟಿಲು ಹತ್ತಿ ನಿರಾಳವಾಗಿ ಉಸಿರು ಬಿಟ್ಟಾಗ ಅತ್ತೆಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅವಳ ಋಣ ದೊಡ್ಡದು.

ರಕ್ತ ಕೊಡುವ ಆಸೆಯನ್ನು ನಾನೇ ಮರೆತಿದ್ದೆ. ಒಂದು ಭಾನುವಾರ ಬೆಳಿಗ್ಗೆ, ಇನ್ನೂ ಕಾಫಿ ಕುಡಿದಿರಲಿಲ್ಲ, ಅತ್ತೆ ಸೂಜಿಯ ತಟ್ಟೆ ಹಿಡಿದು ಮಹಡಿಯಿಂದಿಳಿದು ಬಂದಳು. "ಕೈ ನೀಡು."

ಅಮ್ಮ ಅಡುಗೆಮನೆಯಿಂದ ಓಡಿಬಂದಳು. "ಏನೇ ಇದು! ಮೊದ್ಲೇ ವೀಕು ಹುಡುಗಿ, ರಕ್ತ ಬೇರೆ ತೆಗೀತೀಯಾ?"

"ಯಾರು ಅತ್ತಿಗೆ ವೀಕು? ಇವಳ ಔಷಧಿ ನಿಂತು ನಿನ್ನೆಗೆ ವರ್ಷ ಆಯ್ತು. ಡಾಕ್ಟ್ರನ್ನೂ ಕೇಳ್ಕೊಂಡು ಬಂದಿದೀನಿ. ನನಗೆ ಬೇಕಾಗಿರೋದು ಆರೋಗ್ಯವಾಗಿರೋ ಮಕ್ಕಳು. ಅದಕ್ಕೇ ಇವಳ ಹತ್ರ ಬಂದೆ."

ಚಪ್ಪಲಿಯ ಜೋಡಿ ನೆನಪಿರದ ನನ್ನ ಅತ್ತೆ! ಸೂಜಿ ಚುಚ್ಚಿದ್ದು ಗೊತ್ತೇ ಆಗಲಿಲ್ಲ. ಅಮ್ಮ ಒಳಗೆ ಹೋದಳು.

ಅವತ್ತು ಸಂಜೆ ಅಮ್ಮ ನನ್ನನ್ನು ನಡುಮನೆಯಲ್ಲಿ ನಿಲ್ಲಿಸಿ, ಉಪ್ಪು ಮೆಣಸಿನಕಾಯಿ ನಿವಾಳಿಸಿ, ಬಚ್ಚಲೊಲೆಗೆ ಹಾಕಿದಳು. ಅಭ್ಯಾಸಬಲದಿಂದ ನಾನು ಉಸಿರು ಬಿಗಿಹಿಡಿದೆ. "ಉಸಿರಾಡೇ, ಏನೂ ಆಗಲ್ಲ" ಎಂದಳು ಅತ್ತೆ. ಆಡಿದೆ. ಘಾಟೇ ಇಲ್ಲ! ಘಾಟು ಬರದಿದ್ದರೆ ಮೆಣಸಿನಕಾಯಿ ದೃಷ್ಟಿಯನ್ನೆಲ್ಲ ನುಂಗಿತು ಎಂದೇ ಲೆಕ್ಕ.

"ನೋಡಿದ್ಯಾ, ಒಂಚೂರೂ ಘಾಟಿಲ್ಲ! ಎಷ್ಟೊಂದು ದೃಷ್ಟಿಯಾಗಿತ್ತು ನನ್ನ ಮಗೂಗೆ!" ಎಂದಳು ಅಮ್ಮ.

ಘಾಟಿಲ್ಲದಿದ್ದರೂ ಅವಳ ಕಣ್ಣಲ್ಲಿ ನೀರಿತ್ತು. ಅತ್ತೆಯ ಕಣ್ಣಲ್ಲೂ.